ಹೊಳಹು ಉಳಿಸಿದ ಊರು

ಆ ವರ್ಷ ಪ್ರತಿ ಶನಿವಾರ ಮಧ್ಯಾಹ್ನ ವಿಜ್ಞಾನ ಅಂಗಳದ ಬೀಗ ತೆಗೆಯುತ್ತಿದ್ದವಳು ನಾನೇ, ಸಂಜೆ ಹಾಕುತ್ತಿದ್ದವಳೂ ನಾನೇ. ನಡುವಿನ ಹೊತ್ತಿನಲ್ಲಿ ಬೆಂಚುಗಳ ಧೂಳು ಒರೆಸುತ್ತಿದ್ದೆ, ಚಹಾ ಕುಡಿಯುತ್ತಿದ್ದೆ, ಬಾಗಿಲ ಕಡೆ ನೋಡುತ್ತಿದ್ದೆ. ಮಕ್ಕಳು ಬರುತ್ತಿರಲಿಲ್ಲ. ಕೆಲಸ ಮಾಡಿ ಆಗುವ ದಣಿವಿಗಿಂತ ಕೆಲಸವಿಲ್ಲದೆ ಆಗುವ ದಣಿವು ಕೆಟ್ಟದ್ದು. ನಿವೃತ್ತಿ ಹತ್ತಿರ ಬಂದಾಗ ಇದೊಂದು ಹೊಸ ಪಾಠ ನನಗೆ ಸಿಕ್ಕಿತು.

ಮೊದಲು ಹೀಗಿರಲಿಲ್ಲ. ಗದಗ-ಬೆಟಗೇರಿಯ ಹಳೆಯ ಅರಳೆ ಮಿಲ್ಲಿನ ಶೆಡ್ಡಿನಲ್ಲಿ ನಮ್ಮ ಅಂಗಳ ಶುರುವಾದಾಗ ಅಲ್ಲಿ ಪರೀಕ್ಷೆ ಇರಲಿಲ್ಲ, ಪಾಠಪಟ್ಟಿ ಇರಲಿಲ್ಲ, ಹಾಜರಿ ಕೂಡ ಇರಲಿಲ್ಲ. ಚುರುಕು ಮಕ್ಕಳು ಶನಿವಾರ ಬರಬೇಕು, ಏನಾದರೂ ಬಿಚ್ಚಬೇಕು, ಕೆಡಿಸಬೇಕು, ಯಾಕೆ ಕೆಟ್ಟಿತು ಎಂದು ಕೇಳಬೇಕು. ನನ್ನ ಕೆಲಸ ಅವರ ಜೊತೆ ಕೂತು ತಲೆ ಕೆರೆದುಕೊಳ್ಳುವುದು. ನಾನು ನೀಲಾಂಬಿಕಾ ಹೊಂಬಳ. ಮಕ್ಕಳಿಗೆ ಮಾತ್ರ ‘ಅಕ್ಕಾರು’. ಸಂಜೆ ಮನೆಗೆ ಹೋಗುವಾಗ ಅವರ ಪ್ರಶ್ನೆಗಳಿಂದ ನನ್ನ ತಲೆ ಗಿರಗಿಟ್ಟಲೆ ಆಗಿರುತ್ತಿತ್ತು. ಒಂದು ದಿನವಾದರೂ ಇವು ಸುಮ್ಮನಿರಬಾರದೇ ಎಂದು ಆಗ ಗೊಣಗುತ್ತಿದ್ದೆ. ಆ ಹರಕೆ ಯಾವ ದೇವರಿಗೆ ಮುಟ್ಟಿತೋ ಕಾಣೆ.

ಆಮೇಲೆ ಹೊಳಹು ಪಟ್ಟಿ ಬಂತು.

ನೋಡಲು ಅದು ಹೆಣ್ಣುಮಕ್ಕಳ ಹೇರ್‌ಬ್ಯಾಂಡಿನಂತೆಯೇ ಇದೆ. ಯಾವುದಾದರೂ ವಿಷಯ ನಮಗೆ ‘ಓಹೋ, ಹೀಗಾ!’ ಎಂದು ಹೊಳೆಯುತ್ತದಲ್ಲ, ಆ ಗಳಿಗೆಯಲ್ಲಿ ಬಲಗಿವಿಯ ಮೇಲ್ಭಾಗದ ಮಿದುಳಿನಲ್ಲಿ ಒಂದು ಚುರುಕಾದ ಅಲೆ ಏಳುತ್ತದಂತೆ. ಪಟ್ಟಿ ಅದನ್ನು ಹಿಡಿಯುತ್ತದೆ. ಪರದೆಯ ಮೇಲಿನ ಗೆರೆ ಮೊದಲು ನಿಧಾನವಾಗಿ ಏರುತ್ತದೆ, ಆಮೇಲೆ ಮುಳ್ಳಿನಂತೆ ನೆಟ್ಟಗೆ ನಿಲ್ಲುತ್ತದೆ. ಆ ಮುಳ್ಳೇ ಹೊಳಹು. ಒಂದು ವಿಷಯಕ್ಕೆ ಅದು ಒಂದೇ ಸಲ ಬರುತ್ತದೆ. ಗೊತ್ತಿದ್ದನ್ನೇ ಮತ್ತೆ ತೋರಿಸಿದರೆ ಗೆರೆ ಮಲಗಿಯೇ ಇರುತ್ತದೆ. ಹಾಗಾಗಿ ಬಾಯಿಪಾಠ ಮಾಡಿ ಬಂದವನು ಇದರ ಮುಂದೆ ನಟಿಸಲಾರ.

‘ಅಂಕುರ’ ಎಂಬ ಯೋಜನೆಯವರು ಇದನ್ನು ಮಕ್ಕಳ ಆಯ್ಕೆಗೆ ಬಳಸತೊಡಗಿದರು. ಅಂಕುರದಲ್ಲಿ ಸೀಟು ಸಿಕ್ಕರೆ ಹಾಸ್ಟೆಲು, ಪ್ರಯೋಗಾಲಯ, ಮುಂದಿನ ಓದು ಎಲ್ಲ ಅವರದೇ. ಅಂಕ ಕೇಳುವುದಿಲ್ಲ, ಇಂಗ್ಲಿಷ್ ಬರುತ್ತದೆಯೇ ಎಂದು ಕೇಳುವುದಿಲ್ಲ, ಅಪ್ಪ ಯಾರು ಎಂದು ಕೇಳುವುದಿಲ್ಲ. ತೋರಿಸುವ ಪ್ರಯೋಗಗಳು ಪ್ರತಿ ವರ್ಷ ಹೊಸವು, ಗುಟ್ಟಿನವು. ಅವನ್ನು ನೋಡುತ್ತಾ ಯಾರ ಗೆರೆ ಎದ್ದು ನಿಂತಿತೋ ಅವರಿಗೆ ಸೀಟು. ಸಾಹೇಬರ ಮಗನ ಗೆರೆಗೂ ಹಮಾಲನ ಮಗಳ ಗೆರೆಗೂ ಭೇದವಿಲ್ಲ. ಇದನ್ನು ಉದ್ಘಾಟಿಸಿದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಈಗಲೂ ಆ ಚಪ್ಪಾಳೆ ತಪ್ಪು ಎಂದು ನನಗೆ ಅನಿಸುವುದಿಲ್ಲ.

ಆದರೆ ಅವರು ಚಾಪೆ ಕೆಳಗೆ ತೂರಿದರೆ ನಮ್ಮೂರಿನವರು ರಂಗೋಲಿ ಕೆಳಗೆ ತೂರುವವರು. ಹೊಳಹು ಒಂದು ವಿಷಯಕ್ಕೆ ಒಂದೇ ಸಲ ಬರುವುದಾದರೆ ಅದನ್ನು ಮನೆಯಲ್ಲಿ ಯಾಕೆ ಹಾಳು ಮಾಡಬೇಕು? ಪರೀಕ್ಷೆಯ ದಿನಕ್ಕೆ ಉಳಿಸಿದರಾಯಿತು. ಈ ಲೆಕ್ಕಾಚಾರ ಯಾರ ತಲೆಗೆ ಮೊದಲು ಬಂತೋ ಗೊತ್ತಿಲ್ಲ, ಒಂದು ಬೇಸಿಗೆಯೊಳಗೆ ಊರಿಗೆಲ್ಲ ಹಬ್ಬಿತು. ಜಾಣ ಮಗು ಇರುವ ಮನೆಗಳಲ್ಲಿ ಅಯಸ್ಕಾಂತಗಳು ಕಪಾಟು ಸೇರಿದವು. ಕುಕ್ಕರ್ ಸೀಟಿ ಹೊಡೆಯುವ ಹೊತ್ತಿಗೆ ಮಗುವನ್ನು ಅಂಗಡಿಗೆ ಕಳಿಸತೊಡಗಿದರು. ಚಂದ್ರ ಯಾಕೆ ನಮ್ಮ ಹಿಂದೆಯೇ ಬರುತ್ತಾನೆ ಎಂದು ಕೇಳಿದರೆ ‘ಆಮ್ಯಾಲೆ ಹೇಳ್ತೀನಿ’ ಎಂಬ ಒಂದೇ ಉತ್ತರ. ಮೊನ್ನೆಮೊನ್ನೆಯವರೆಗೆ ಉತ್ತರ ಮಾರುತ್ತಿದ್ದ ಟ್ಯೂಷನ್ನಿನವರು ಈಗ ‘ಏನನ್ನೂ ಹೇಳಿಕೊಡುವುದಿಲ್ಲ’ ಎಂದು ಬೋರ್ಡು ಬರೆಸಿಕೊಂಡರು. ಆ ಬೋರ್ಡಿನ ಕೆಳಗೂ ಸಾಲು ನಿಂತಿತು.

ಒಂದು ದಿನ ಮನೆಗೆ ಹೋದಾಗ ನಮ್ಮ ಯಜಮಾನರು ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು, ಮಾತಿಲ್ಲದೆ ಇರಲಾರರು. ಪಕ್ಕದ ಮನೆಯ ಮೊಮ್ಮಗ ಮಿರ್ಚಿ ಭಜಿ ಎಣ್ಣೆಯಲ್ಲಿ ಮೊದಲು ಮುಳುಗಿ ಆಮೇಲೆ ಯಾಕೆ ತೇಲುತ್ತದೆ ಎಂದು ಕೇಳಿದ್ದನಂತೆ. ಇವರು ಹೇಳಿಬಿಟ್ಟಿದ್ದಾರೆ. ಅವನ ತಾಯಿ ಕಟ್ಟೆಯ ಮೇಲೆ ನಿಂತು ಜಗಳ ತೆಗೆದಿದ್ದಾಳೆ.

“ಹುಡುಗನ ಒಂದು ಹೊಳಹು ನಾ ತಿಂದ್ನಂತ,” ಎಂದರು ಇವರು. “ಭಜಿ ತಿಂದಿದ್ರ ಹೊಟ್ಟಿನಾರ ತುಂಬ್ತಿತ್ತು.”

ನಾನು ನಗಲಿಲ್ಲ. “ನೀವ್ಯಾಕ ಹೇಳಾಕ ಹೋಗಿದ್ರಿ?”

“ಅಂವ ಕೇಳಿದ, ನಾ ಹೇಳಿದೆ. ಕೇಳಿದ್ದಕ್ಕ ಹೇಳೂದು ಯಾವಾಗಿಂದ ತಪ್ಪಾತು?”

ಆ ಹೊತ್ತಿಗೆ ನನ್ನ ಶನಿವಾರದ ಬೆಂಚುಗಳೂ ಬರಿದಾಗಿದ್ದವು. ತಾಯಂದಿರು ದಾರಿಯಲ್ಲಿ ಸಿಕ್ಕಾಗ ಕೈ ಹಿಡಿದು, ‘ಸೀಟ್ ಸಿಕ್ಕ ಮ್ಯಾಲೆ ಕಳಸ್ತೀವ್ರಿ ಅಕ್ಕಾರ, ಈಗ ಬ್ಯಾಡ, ತಪ್ಪು ತಿಳ್ಕೋಬ್ಯಾಡ್ರಿ’ ಎನ್ನುತ್ತಿದ್ದರು. ಎಲ್ಲರಿಗಿಂತ ಕಡೆಯವರೆಗೆ ಬರುತ್ತಿದ್ದವಳು ರುಬೀನಾ ನದಾಫ. ಒಂದು ಶನಿವಾರದಿಂದ ಅವಳೂ ಬರುವುದನ್ನು ನಿಲ್ಲಿಸಿದಳು.

ರುಬೀನಾಳ ಅಪ್ಪ ರಾಜೇಸಾಬನಿಗೆ ಬೆಟಗೇರಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟಾರು, ಫ್ಯಾನು, ಮಿಕ್ಸರು ತಂದು ಕೊಟ್ಟರೆ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿಕೊಡುತ್ತಾನೆ. ಹುಡುಗಿ ಅಂಗಡಿಯಲ್ಲೇ ಬೆಳೆದವಳು. ನಮ್ಮಲ್ಲಿಗೆ ಬಂದಾಗ ಅವಳ ಪ್ರತಿ ಮಾತೂ ‘ಹಂಗಾದ್ರ’ ಎಂದು ಶುರುವಾಗುತ್ತಿತ್ತು. ಹಂಗಾದ್ರ ಫ್ಯಾನ್ ಕೈಯಿಂದ ತಿರುಗಿಸಿದ್ರ ಕರೆಂಟ್ ಹಿಂದಕ್ಕ ಹೋಗ್ತೈತೇನ್ರಿ? ಹಂಗಾದ್ರ ಆ ಕರೆಂಟ್ ಎಲ್ಲಿ ಹೋಗಿ ಕುಂಡರತೈತಿ? ನನಗೆ ಗೊತ್ತಿಲ್ಲವೆಂದರೆ ಅವಳ ಮುಖ ಅರಳುತ್ತಿತ್ತು. ಅಂಥ ಇನ್ನೊಂದು ಮಗುವನ್ನು ನಾನು ಕಂಡಿಲ್ಲ. ಅವಳಿಗೆ ಹದಿನಾಲ್ಕು ತುಂಬುವುದರಲ್ಲಿತ್ತು. ಅಂಕುರಕ್ಕೆ ಅದೇ ಕೊನೆಯ ವಯಸ್ಸು. ಆ ವರ್ಷ ಬಿಟ್ಟರೆ ಅವಳಿಗೆ ಮತ್ತೆ ಅವಕಾಶ ಇರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ರಾಜೇಸಾಬನೇ ಅಂಗಳಕ್ಕೆ ಬಂದ. ಮುಖದಲ್ಲಿ ಮದುವೆ ಗೊತ್ತು ಮಾಡಿ ಬಂದವನ ಕಳೆ.

“ಅಕ್ಕಾರ, ಒಂದ ವರ್ಷಾತ್ರಿ ರುಬಿನ್ನ ಅಂಗಡಿ ಕಟ್ಟಿ ಹತ್ತಗೊಟ್ಟಿಲ್ಲ. ಪರದೆ ಕಟ್ಟೀನಿ. ಒಂದೂ ಹೊಳಹು ವೇಸ್ಟ್ ಆಗಿಲ್ರಿ, ಎಲ್ಲಾ ಒಳಗ ಕೂಡೇತಿ. ಆ ದಿನ ಯಂತ್ರ ಒಡದ ಹೋಗ್ಬೇಕು ನೋಡ್ರಿ!”

ಹೆಚ್ಚು ಓದಿದವನಲ್ಲ, ಮಗಳ ಮೇಲೆ ಪ್ರಾಣ. “ನಾ ಒಮ್ಮೆ ಆಕೀನ್ನ ನೋಡ್ಬೇಕಲ್ಲ,” ಎಂದೆ.

“ಬರ್ರಿ ಮನೀಗೆ. ಆದ್ರ ಏನೂ ಹೇಳಿಕೊಡಬ್ಯಾಡ್ರಿ ಮತ್ತ. ಕೈ ಮುಗೀತೀನಿ.”

ಮರುದಿನ ಹೋದೆ. ರುಬೀನಾಳ ತಾಯಿ ಹಸೀನಾ ಒಲೆಯ ಮೇಲೆ ಚಹಾಕ್ಕಿಟ್ಟಿದ್ದಳು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಮೈ ಕೈ ತುಂಬಿಕೊಂಡಿದ್ದಳು, ಬಣ್ಣ ತಿಳಿಯಾಗಿತ್ತು. ಕಣ್ಣು ಮಾತ್ರ ನೆಲದ ಮೇಲೆ. ಚಹಾ ಕುದಿದು ಪಾತ್ರೆಯ ಮುಚ್ಚಳ ಟಕಟಕ ಎಂದು ಕುಣಿಯತೊಡಗಿದಾಗ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಯಾರೂ ಹಾಗೆ ಮಾಡು ಎಂದು ಹೇಳಲಿಲ್ಲ.

“ಈಗೀಗ ಏನ್ ವಿಚಾರ ಮಾಡ್ತಿ ಯವ್ವಾ?” ಎಂದು ಕೇಳಿದೆ.

“ಏನೂ ಇಲ್ರಿ ಅಕ್ಕಾರ.”

“ಏನೂ ಹೊಳಿಯೂದಿಲ್ಲಾ?”

ಅವಳು ಅಮ್ಮನ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು. “ಬರೂದು ಮೊದಲ ಗೊತ್ತಾಗ್ತೈತ್ರಿ. ಸೀನು ಬರೂ ಮುಂಚೆ ಮೂಗಿಗೆ ಗೊತ್ತಾಗ್ತೈತಲ್ರಿ, ಹಂಗ. ಆವಾಗ ಕೈ ಚಿವುಟ್ಕೊಂತೀನಿ, ಮಗ್ಗಿ ಅನ್ಕೊಂತೀನಿ. ಹೋಗಿಬಿಡತೈತಿ.”

“ಯಾರ್ ಹೇಳಿಕೊಟ್ರು ಇದನ್ನ?”

“ಯಾರೂ ಇಲ್ರಿ. ನಾನ ಕಂಡ ಹಿಡಿದೀನಿ.”

ಕಡೆಯ ಮಾತು ಹೇಳುವಾಗ ಅವಳ ದನಿಯಲ್ಲಿ ಹಳೆಯ ರುಬೀನಾ ಒಂದು ಕ್ಷಣ ಇಣುಕಿದಳು. ತನ್ನ ತಲೆಯೊಳಗೆ ಹೊಳಹು ಹೇಗೆ ಬರುತ್ತದೆಂದು ಇಷ್ಟು ಸೂಕ್ಷ್ಮವಾಗಿ ಗಮನಿಸಿದ ಮಗು, ಆ ಜಾಣತನವನ್ನೆಲ್ಲ ಅದನ್ನು ಅಮುಕುವುದಕ್ಕೇ ಬಳಸಿದ್ದಳು. ಹಸೀನಾ ಕೊಟ್ಟ ಚಹಾ ಹಾಗೇ ಇಟ್ಟು ಎದ್ದೆ. ಬರುವಾಗ ರಾಜೇಸಾಬನಿಗೆ ಹೊಸ್ತಿಲ ಹತ್ತಿರ ಹೇಳಿದೆ. “ಇನ್ನೂ ದಿನ ಅದಾವು. ಆಕೀನ್ನ ಅಂಗಡಿಗೆ ಕರ್ಕೊಂಡು ಹೋಗು.”

“ಹಡಗ ದಡಕ್ಕ ಬಂದೈತ್ರಿ ಅಕ್ಕಾರ,” ಎಂದ ಅವನು ನಕ್ಕು. “ಈಗ ತೂತು ಕೊರೀ ಅಂತೀರಲ್ಲ.”

ಪರೀಕ್ಷೆ ನಡೆದದ್ದು ನಮ್ಮ ಶೆಡ್ಡಿನಲ್ಲೇ. ಮಿಲ್ಲಿನವರು ಅರಳೆ ತೂಗುತ್ತಿದ್ದ ಕೋಣೆಯನ್ನು ಯಂತ್ರದವರು ಗಾಜು ಹಾಕಿ ನಿಯಂತ್ರಣ ಕೊಠಡಿ ಮಾಡಿಕೊಂಡಿದ್ದರು. ಒಳಗೆ ನಾನು ಮತ್ತು ಅಭಿನಂದನ್. ಅಂಕುರದ ಕಡೆಯಿಂದ ಬಂದ ಎಂಜಿನಿಯರು, ಮೈಸೂರಿನ ಕಡೆಯ ಹುಡುಗ, ಮಾತಿಗೊಮ್ಮೆ ಮೇಡಂ ಎನ್ನುವವನು. ಊರಿನ ಕೇಂದ್ರದ ಪರವಾಗಿ ನಾನು ನೋಡುತ್ತಾ ಕೂರಬೇಕು, ಮಕ್ಕಳ ಜೊತೆ ಮಾತಾಡಕೂಡದು. ಪರದೆಯ ಮೇಲೆ ಪ್ರತಿ ಮಗುವಿಗೂ ಒಂದು ಗೆರೆ, ಗೆರೆಯ ತುದಿಗೆ ಹೆಸರು. ಗಾಜಿನಾಚೆ ಮಕ್ಕಳು ತಲೆಗೆ ಪಟ್ಟಿ ಕಟ್ಟಿಕೊಂಡು ಸಾಲಾಗಿ ಕೂತಿದ್ದರು. ಒಬ್ಬರೂ ಪಕ್ಕದವರ ಜೊತೆ ಪಿಸುಗುಟ್ಟುತ್ತಿರಲಿಲ್ಲ. ಅಷ್ಟು ಸುಮ್ಮನಿರುವ ಮಕ್ಕಳನ್ನು ನಾನು ಆಸ್ಪತ್ರೆಯಲ್ಲಿ ಮಾತ್ರ ಕಂಡಿದ್ದೆ.

ಮೊದಲ ಪ್ರಯೋಗ ಚೆನ್ನಾಗಿತ್ತು. ಅಂಕುರದ ಇನ್ನಿಬ್ಬರು ಮಕ್ಕಳ ಮುಂದೆ ಉದ್ದನೆಯ ತಾಮ್ರದ ಕೊಳವೆಯನ್ನು ನೆಟ್ಟಗೆ ಹಿಡಿದು ಅದರೊಳಗೆ ಒಂದು ಕಬ್ಬಿಣದ ನಟ್ಟು ಬಿಟ್ಟರು. ಟಪ್ಪೆಂದು ಕೆಳಗೆ ಬಿತ್ತು. ಅಷ್ಟೇ ದಪ್ಪನೆಯ ಅಯಸ್ಕಾಂತ ಬಿಟ್ಟರು. ಅದು ಬೀಳಲೇ ಇಲ್ಲ ಎನ್ನುವಷ್ಟು ನಿಧಾನವಾಗಿ, ಯಾರೋ ಒಳಗೆ ಹಿಡಿದು ಇಳಿಸಿದ ಹಾಗೆ ಇಳಿದು ಬಂತು. ನನ್ನ ಹಳೆಯ ಶನಿವಾರದ ಮಕ್ಕಳಾಗಿದ್ದರೆ ಕೊಳವೆ ಕಿತ್ತುಕೊಳ್ಳಲು ಬಡಿದಾಡುತ್ತಿದ್ದರು.

ಪರದೆಯ ಮೇಲೆ ಗೆರೆಗಳೆಲ್ಲ ಮಲಗಿದ್ದವು.

ಅಭಿನಂದನ್ ವೈರು ಅಲುಗಾಡಿಸಿ ನೋಡಿದ. “ಮೇಡಂ, ಸಿಗ್ನಲ್ ಬರ್ತಿದೆ. ಆದರೆ ಯಾರಿಗೂ ಏನೂ ಅನ್ನಿಸ್ತಾನೇ ಇಲ್ವಲ್ಲಾ?”

ನಾನು ಮಕ್ಕಳ ಮುಖ ನೋಡಿದೆ. ತಾಳ್ಮೆಯಿಂದ, ಮರ್ಯಾದೆಯಿಂದ ನೋಡುತ್ತಿದ್ದರು, ಅಷ್ಟೇ. ನನಗೆ ಆಗ ತಿಳಿಯಿತು. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ ಎಂಬುದು ಮೊದಲು ಗೊತ್ತಿದ್ದರೆ ತಾನೇ, ಅಂಟದೆಯೂ ಯಾಕೆ ತಡೆಯಿತು ಎಂಬ ಕಡಿತ ಶುರುವಾಗುವುದು? ಅಯಸ್ಕಾಂತವನ್ನೇ ಮುಟ್ಟದ ಮಕ್ಕಳಿಗೆ ಇದರಲ್ಲಿ ಅಚ್ಚರಿ ಏನು? ಕೆಲವು ಸಾಮಾನು ಬೇಗ ಬೀಳುತ್ತವೆ, ಕೆಲವು ನಿಧಾನವಾಗಿ ಬೀಳುತ್ತವೆ, ಪ್ರಪಂಚ ಇರುವುದೇ ಹಾಗೆ. ಅಚ್ಚರಿಪಡಲಿಕ್ಕೂ ಸ್ವಲ್ಪ ಗೊತ್ತಿರಬೇಕು. ಆ ಸ್ವಲ್ಪವನ್ನೇ ನಾವು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆವು.

“ಯಂತ್ರ ಸರಿ ಐತಪ್ಪಾ,” ಎಂದೆ. “ಕೆಟ್ಟಿದ್ದು ಅದಲ್ಲ.”

ಅಷ್ಟರಲ್ಲಿ ಒಂದು ಗೆರೆ ಏರತೊಡಗಿತು. ಹೆಸರು ನೋಡಬೇಕಾಗಿರಲಿಲ್ಲ. ರುಬೀನಾ ಬೆನ್ನು ನೆಟ್ಟಗೆ ಮಾಡಿ ಕೊಳವೆಯನ್ನೇ ನೋಡುತ್ತಿದ್ದಳು. ತಂತಿ ಸುತ್ತುವವನ ಮಗಳು. ಸುರುಳಿಯೊಳಗೆ ಎಲ್ಲೋ ಒಂದು ಸುತ್ತು ಶಾರ್ಟ್ ಆದರೆ ಮೋಟಾರು ಹೇಗೆ ಗುಂಯ್ ಎಂದು ಎಳೆದಾಡುತ್ತದೆ ಎಂದು ಕಿವಿಯಿಂದಲೇ ಬಲ್ಲವಳು. ಈ ಕೊಳವೆಯೂ ಅಂಥದೇ ಒಂದು ದಪ್ಪ ಸುತ್ತು, ಬೀಳುವ ಅಯಸ್ಕಾಂತವೇ ಅದರಲ್ಲಿ ಕರೆಂಟು ಎಬ್ಬಿಸುತ್ತದೆ, ಆ ಕರೆಂಟೇ ಅದನ್ನು ತಡೆಯುತ್ತದೆ ಎನ್ನುವುದಕ್ಕೆ ಅವಳು ಒಂದೇ ಗೇಣು ದೂರದಲ್ಲಿದ್ದಳು. ಗೆರೆ ಏರಿತು, ಇನ್ನೂ ಏರಿತು. ನಾನು ಕುರ್ಚಿಯ ತುದಿಗೆ ಬಂದಿದ್ದೆ.

ಗೆರೆ ಕುಡುಗೋಲಿನಿಂದ ಕೊಯ್ದ ಹಾಗೆ ಕೆಳಗೆ ಬಿತ್ತು. ಅವಳ ಬಲಗೈ ಎಡಗೈಯನ್ನು ಚಿವುಟುತ್ತಿತ್ತು.

ಎರಡನೆಯ ಪ್ರಯೋಗದಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಉಳಿದವರ ಗೆರೆ ಏಳುವುದೇ ಇಲ್ಲ, ಇವಳದು ಎದ್ದು ಎದ್ದು ಬೀಳುತ್ತದೆ. “ಮೇಡಂ, ಈ ಹುಡುಗಿಯ ಏರು ನೋಡಿ, ನಾನು ಯಾವ ಊರಲ್ಲೂ ನೋಡಿಲ್ಲ,” ಎಂದ ಅಭಿನಂದನ್. “ಆದರೆ ಮುಳ್ಳು ಬರಬೇಕು. ಏರನ್ನ ಯಂತ್ರ ಲೆಕ್ಕಕ್ಕೆ ಹಿಡಿಯಲ್ಲ.”

“ಹಿಡಿಸಾಕ ಬರೂದಿಲ್ಲೇನು?”

“ನನ್ನ ಕೈಲಿಲ್ಲ ಮೇಡಂ. ಮೇಲಿನಿಂದಲೇ ಲಾಕ್ ಆಗಿದೆ.” ಅವನಿಗೂ ಬೇಸರವಾಗಿತ್ತು. ಕೆಟ್ಟ ಹುಡುಗನಲ್ಲ.

ನಾನು ಎದ್ದು ನಿಂತೆ. “ಮಕ್ಕಳು ನೀರ್ ಕುಡೀಬೇಕಪ್ಪಾ. ಬ್ಯಾಸಿಗಿ.” ಅವನು ಒಪ್ಪಿದ. ಪಟ್ಟಿ ಮಾತ್ರ ಯಾರೂ ತೆಗೆಯಬಾರದು ಎಂದ.

ಮಕ್ಕಳು ಪಡಸಾಲೆಯ ನೀರಿನ ಫಿಲ್ಟರಿನ ಕಡೆ ಹೊರಟರು. ನಿಯಮ ಗಾಳಿಗೆ ತೂರಿ ನಾನು ರುಬೀನಾಳ ಹತ್ತಿರ ಹೋಗಿ ಕೆಳಗೆ ಕೂತೆ.

“ಯವ್ವಾ, ಇವತ್ತ ತಡೀಬ್ಯಾಡ. ನೀ ಕಾದಿದ್ದ ದಿನ ಇದ. ಬರೂದು ಬರ್ಲಿ, ಬಿಟ್ಟಬಿಡು.”

“ನಾ ತಡಿಯಾಕತ್ತಿಲ್ರಿ ಅಕ್ಕಾರ,” ಎಂದಳು. “ಬರ್ಲಿ ಅಂತನ ಅನ್ನಾಕತ್ತೀನಿ. ಅಷ್ಟರಾಗ ಮಗ್ಗಿ ಬಂದಬಿಡತೈತಿ.”

“ಮತ್ತ ಕೈ ಯಾಕ ಚಿವುಟಾಕತ್ತಿದ್ದಿ?”

ಅವಳು ತನ್ನ ಎಡಗೈಯನ್ನು ಎತ್ತಿ ನೋಡಿಕೊಂಡಳು. ಮುಂಗೈ ಕೆಂಪಗೆ ಕಂದಿತ್ತು. “ಚಿವುಟಿದ್ನೇನ್ರಿ?” ಎಂದಳು, ಬೇರೆ ಯಾರದೋ ಕೈ ನೋಡುವ ಹಾಗೆ.

ನಾನು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅಷ್ಟರಲ್ಲಿ ಗಾಜಿನ ಕೋಣೆಯಿಂದ ಅಭಿನಂದನ್ “ಬಂತು, ಮೇಡಂ, ಬಂತು!” ಎಂದು ಕೂಗಿದ. ಓಡಿ ಹೋಗಿ ನೋಡಿದೆ. ಪರದೆಯ ಮೇಲೆ ಒಂದು ಮುಳ್ಳು ನೆಟ್ಟಗೆ ನಿಂತಿತ್ತು. ತುದಿಗೆ ವಿನಯ ಗಾಣಿಗೇರ ಎಂಬ ಹೆಸರು. ಪಡಸಾಲೆಗೆ ಬಂದು ವಿಚಾರಿಸಿದೆ. ಆ ಫಿಲ್ಟರಿಗೆ ಹೊಸ ನಮೂನೆಯ ನಲ್ಲಿ. ತಿರುಗಿಸುವುದಲ್ಲ, ಒತ್ತುವುದು. ಮನೆಯವರು ಎಲ್ಲದರಿಂದ ದೂರ ಇಟ್ಟು ಬೆಳೆಸಿದ ಹುಡುಗ ಅದನ್ನು ತಿರುಗಿಸಿದ್ದಾನೆ, ಎಳೆದಿದ್ದಾನೆ, ಕಡೆಗೆ ಒತ್ತಿದ್ದಾನೆ. ನೀರು ಬಂದಿದೆ. ಜೊತೆಗೆ ಹೊಳಹೂ ಬಂದಿದೆ. ಯಾವುದರಿಂದ ಬಂತು ಎಂದು ಯಂತ್ರ ಕೇಳುವುದಿಲ್ಲ, ಬಂತೋ ಇಲ್ಲವೋ ಅಷ್ಟೇ ಅದರ ಲೆಕ್ಕ.

ಆ ವರ್ಷ ನಮ್ಮ ಕೇಂದ್ರದಿಂದ ಅಂಕುರಕ್ಕೆ ಹೋದವನು ಅವನೊಬ್ಬನೇ. ಒಳ್ಳೆಯ ಹುಡುಗ, ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ನೀರು ಕುಡಿಯಲು ಬಿಟ್ಟವಳು ನಾನೇ ತಾನೇ.

ಸಂಜೆ ಗೇಟಿನ ಹೊರಗೆ ಬೇವಿನ ಮರದಡಿ ರಾಜೇಸಾಬ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಸೋಡಾ ಬಾಟಲಿ, ಮಗಳಿಗೊಂದು ನನಗೊಂದು. ರುಬೀನಾ ಅವನ ಹತ್ತಿರ ಹೋಗದೆ ನನ್ನ ಹಿಂದೆಯೇ ನಿಂತಳು.

“ಬಂತೇನ್ರಿ ಅಕ್ಕಾರ?”

ಸುಳ್ಳು ಹೇಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. “ಬರಲಿಲ್ಲ ರಾಜೇಸಾಬ. ಬಾಗಿಲತನಾ ಬಂದು ಬಂದು ಹೊಳ್ಳಿ ಹೋತು.”

“ಯಂತ್ರ ಕೆಟ್ಟಿರಬೇಕ್ರಿ.”

“ಯಂತ್ರ ಕೆಟ್ಟಿಲ್ಲ.”

“ಹಂಗ ಹೆಂಗಾಗ್ತೈತ್ರಿ? ಒಂದ ವರ್ಷ ಕೂಡಿಟ್ಟೀನ್ರಿ ನಾ!” ಅವನ ದನಿ ಏರಿತು. ಗೇಟಿನ ಹತ್ತಿರ ನಿಂತ ತಂದೆತಾಯಂದಿರು ತಿರುಗಿ ನೋಡಿದರು. “ಅಂಗಡ್ಯಾಗ ಒಬ್ಬನ ಕುಂತು ಕೆಲಸ ಮಾಡೀನಿ. ಆಕಿ ಬರ್ತೀನಿ ಅಂತ ಅತ್ರ ಬಾಗಿಲಾ ಹಾಕ್ಕೊಂಡೀನಿ. ಎಲ್ಲಾ ಇದೊಂದು ದಿನಕ್ಕ!”

“ಅದು ಕೂಡಿಡೂ ಸಾಮಾನಲ್ಲೋ,” ಎಂದೆ. “ಎಮ್ಮಿ ಹಿಂಡಲಾರದ ಬಿಟ್ರ ಕೆಚ್ಚಲದಾಗ ಹಾಲು ಕೂಡತೈತೇನು? ಬತ್ತತೈತಿ.”

ಕಟುವಾಯಿತು. ಹೇಳಿದ ಮೇಲೆ ಅನಿಸಿತು. ಅವನು ಎರಡೂ ಬಾಟಲಿಗಳನ್ನು ನೆಲಕ್ಕಿಟ್ಟು ಮರಕ್ಕೆ ಒರಗಿ ಕೂತುಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವನು ಅದನ್ನು ತನ್ನ ಕೈಯಾರೆ ಗಟ್ಟಿಯಾಗಿ ಹಿಡಿದುಕೊಂಡಿದ್ದ, ಪ್ರೀತಿಯಿಂದಲೇ ಹಿಡಿದುಕೊಂಡಿದ್ದ. ಯಾರನ್ನು ಬಯ್ಯುವುದು? ರುಬೀನಾ ಮೆಲ್ಲಗೆ ಹೋಗಿ ಅವನ ಪಕ್ಕ ಕೂತು, “ಅಳಬ್ಯಾಡಪ್ಪಾ,” ಎಂದಳು. ಅವಳ ಕಣ್ಣು ಒಣಗಿತ್ತು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಮನೆಗೆ ಬಂದು ಇದೆಲ್ಲ ಹೇಳಿದಾಗ ನಮ್ಮ ಯಜಮಾನರು, “ಸೀಟ್ ಹೋತು, ಹೋಗ್ಲಿ. ಬಸ್ ತಪ್ಪಿದ್ರ ಇನ್ನೊಂದು ಬರ್ತೈತಿ. ಆ ಹುಡುಗಿ ಇನ್ನ ಏನಾರ ಕೇಳ್ತಾಳೋ ಇಲ್ಲೋ ಅದನ್ನ ನೋಡು,” ಎಂದರು.

ಅದನ್ನೇ ನೋಡಲು ಕೆಲವು ದಿನಗಳ ಮೇಲೆ ಬೆಟಗೇರಿಗೆ ಹೋದೆ. ನೆಪಕ್ಕೆ ಮನೆಯ ಮಿಕ್ಸರು ಕೈಯಲ್ಲಿತ್ತು. ನಿಜವಾಗಿಯೂ ಸುಟ್ಟಿತ್ತು, ಸುಳ್ಳಲ್ಲ. ಅಂಗಡಿಯ ಪರದೆ ಹೋಗಿತ್ತು. ವಾರ್ನಿಷಿನ ವಾಸನೆ, ಮೂಲೆಯಲ್ಲಿ ಸುಟ್ಟ ತಂತಿಯ ಗುಡ್ಡೆ. ರಾಜೇಸಾಬ ಕೆಲಸ ಮಾಡುತ್ತಿದ್ದ. ರುಬೀನಾ ಪಕ್ಕದ ಮಣೆಯ ಮೇಲೆ ಕೈ ಕಟ್ಟಿಕೊಂಡು ಕೂತಿದ್ದಳು.

“ದಿನಾ ಕರ್ಕೊಂಡು ಬರ್ತೀನ್ರಿ,” ಎಂದ ಅವನು. ಗಡ್ಡ ಬೆಳೆದಿತ್ತು. “ನೋಡವಾ ಅಂತೀನಿ. ನೋಡವಲ್ಲಳು.”

“ನೋಡಾಕತ್ತೀನಲ್ಲಪ್ಪಾ,” ಎಂದಳು ಅವಳು. “ಏನ್ ನೋಡ್ಬೇಕು ಹೇಳು, ನೋಡ್ತೀನಿ.”

ಕೊಳವೆಯನ್ನು ಕಣ್ಣಲ್ಲೇ ತಿಂದುಬಿಡುವಂತೆ ನೋಡುತ್ತಿದ್ದ ಹುಡುಗಿಯ ಮಾತು ಇದು. ಎದ್ದು ಬಂದುಬಿಡೋಣ ಎನಿಸಿತು. ಇನ್ನು ನನ್ನಿಂದ ಏನೂ ಆಗುವುದಿಲ್ಲ, ಅಂಗಳದ ಬೀಗ ಯಾರಿಗಾದರೂ ಕೊಟ್ಟು ಮನೆಯಲ್ಲಿ ಕೂರುವುದು ವಾಸಿ. ಮಾತು ಮುರಿಯಬಾರದೆಂದು ರಾಜೇಸಾಬನನ್ನೇ ಕೇಳಿದೆ, “ನನ್ನ ಮಿಕ್ಸರಿಗೆ ಎಷ್ಟ ಸುತ್ತು ಹಾಕ್ತಿ ಈಗ?”

“ಹಳೇದು ಬಿಚ್ಚೂಮುಂದ ಎಣಸ್ತೀನ್ರಿ. ಎಷ್ಟ ಸುತ್ತು ಇದ್ವೋ ಅಷ್ಟ ಹಾಕ್ತೀನಿ. ತಂತಿನೂ ಅಷ್ಟ ದಪ್ಪಂದು.”

“ಕಡಿಮಿ ಹಾಕಿದ್ರ?”

“ಸುಡತೈತ್ರಿ.”

“ಯಾಕ?”

ಅವನು ತಂತಿ ಬಿಟ್ಟು ಒಮ್ಮೆ ಮಗಳ ಕಡೆ, ಒಮ್ಮೆ ನನ್ನ ಕಡೆ ನೋಡಿದ. “ನಂಗೂ ಗೊತ್ತಿಲ್ರಿ ಅಕ್ಕಾರ,” ಎಂದ ಕಡೆಗೆ. “ನಮ್ಮ ಉಸ್ತಾದ್ ಹೇಳಿದ್ದ, ನಾ ಮಾಡ್ಕೊಂತ ಬಂದೀನಿ. ಖರೇ ಹೇಳ್ಬೇಕಂದ್ರ ಯಾಕ ಅಂತ ನನಗ ಗೊತ್ತಿಲ್ಲ.”

ರುಬೀನಾ ತಲೆ ಎತ್ತಿದಳು. “ನಿನಗ ಗೊತ್ತಿಲ್ಲೇನಪ್ಪಾ?”

“ಇಲ್ಲವಾ.”

“ಇಷ್ಟ ದಿನ ಗೊತ್ತಿಲ್ಲದ ಮಾಡಿದ್ದೀ?”

“ಹೂಂ.”

ಅವಳು ಮಣೆಯಿಂದ ಇಳಿದು ಬಂದು ನನ್ನ ಮಿಕ್ಸರಿನ ಸುಟ್ಟ ಸುರುಳಿಯನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿದಳು. ಬೆರಳಿಗೆ ಮಸಿ ಹತ್ತಿತು. ರಾಜೇಸಾಬ ಏನೋ ಹೇಳಲು ಬಾಯಿ ತೆರೆದ. ನಾನು ಸುಮ್ಮನಿರು ಎಂದು ಕೈಸನ್ನೆ ಮಾಡಿದೆ. ಹೊರಗೆ ಯಾವುದೋ ಟಂಟಂ ಗಾಡಿ ಗದ್ದಲ ಮಾಡಿಕೊಂಡು ಹೋಯಿತು. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

“ಹಂಗಾದ್ರ,” ಎಂದಳು ರುಬೀನಾ, “ಎಲ್ಲಾರಕಿಂತ ಮೊದಲ್ನೇ ಮೋಟರ್ ಮಾಡ್ದಾಂವಗ ಎಣಸಾಕ ಹಳೇದು ಇರ್ಲಿಲ್ಲಲ್ಲಪ್ಪಾ. ಅಂವಗ ಎಷ್ಟ ಸುತ್ತು ಹಾಕ್ಬೇಕಂತ ಹೆಂಗ ಗೊತ್ತಾತು?”

ರಾಜೇಸಾಬ ನನ್ನ ಮುಖ ನೋಡಿದ. ನನಗೆ ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಸೆರಗಿನಿಂದ ಒರೆಸಿಕೊಂಡು ಮಣೆಯನ್ನು ಎಳೆದುಕೊಂಡು ಅವರಿಬ್ಬರ ನಡುವೆ ಕೂತೆ.